ಮಳೆಗೆ ಮುಂಚೆ ಕೆರೆಯಲ್ಲಿ ಒಂದೂವರೆ ಅಡಿ ಜಾಗ: ಚಿಕ್ಕಬಳ್ಳಾಪುರದಲ್ಲಿ ನನ್ನ ಅನುಭವ

2021ರ ನವೆಂಬರ್ ಮಳೆಯನ್ನು ಚಿಕ್ಕಬಳ್ಳಾಪುರದವರು ಮರೆತಿಲ್ಲ. ಕಂದವಾರ ಕೆರೆ ಕೋಡಿ ಹರಿಯಿತು, ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಆಮೇಲೆ ಎಲ್ಲರದ್ದೂ ಒಂದೇ ಮಾತು: ರಾಜಕಾಲುವೆಗೆ ಉದ್ದಕ್ಕೂ ಕಾಂಕ್ರೀಟ್ ಗೋಡೆ ಕಟ್ಟಿ. ನಾನು ಮೋರಿ, ಕಾಲುವೆ ಕೆಲಸದ ಗುತ್ತಿಗೆದಾರ. ಗೋಡೆ ಕಟ್ಟಿದರೆ ನನಗೇ ಲಾಭ. ಆದರೂ ಬೇಡ ಅಂದೆ. ನಮ್ಮ ಬಡಾವಣೆಯ ಮೇಲಿನ ಕೆರೆಯಲ್ಲಿ ಮಳೆಗೆ ಮುಂಚೆ ನೀರು ಇಳಿಸಿ ಮೊದಲು ಜಾಗ ಮಾಡೋಣ ಅಂದೆ.

ಸಾವಿರ ಅಡಿ ಕೊರೆದರೂ ನೀರು ಸಿಗದ ಊರಿನಲ್ಲಿ ಕೆರೆ ನೀರು ಬಿಡಿ ಅಂದರೆ ಯಾರು ಒಪ್ಪುತ್ತಾರೆ? ಆದರೆ ಎಚ್.ಎನ್. ವ್ಯಾಲಿ (ಹೆಬ್ಬಾಳ-ನಾಗವಾರ ಕಣಿವೆ) ಯೋಜನೆಯ ನೀರು ಬಂದ ಮೇಲೆ ಲೆಕ್ಕ ಬೇರೆಯಾಗಿದೆ. ಮುಂಚೆ ಹಿಂಗಾರಿನ ಹೊತ್ತಿಗೂ ಕೆರೆ ಅರ್ಧ ಖಾಲಿ ಇರುತ್ತಿತ್ತು. ಈಗ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಅಕ್ಟೋಬರ್‌ಗೇ ಕೋಡಿಮಟ್ಟ ಮುಟ್ಟಿರುತ್ತದೆ. ಬಿದ್ದ ಮಳೆ ನಿಲ್ಲುವುದೆಲ್ಲಿ?

ನಮ್ಮದು ಸುಮಾರು 40 ಎಕರೆ ಕೆರೆ. ಒಂದೂವರೆ ಅಡಿ ಇಳಿಸಿದರೆ ಏಳು ಕೋಟಿ ಲೀಟರ್‌ಗೂ ಜಾಸ್ತಿ ಜಾಗ. ಕೆರೆಗೆ ಹರಿದು ಬರುವ ಪ್ರದೇಶ ಹೆಚ್ಚುಕಡಿಮೆ ಒಂದು ಚದರ ಕಿಲೋಮೀಟರ್. ಅಲ್ಲಿ 10 ಸೆಂಟಿಮೀಟರ್ ಮಳೆ ಅಂದರೆ 10 ಕೋಟಿ ಲೀಟರ್. ಅರ್ಧ ಹರಿದು ಬಂದರೂ ಕೆರೆ ತಡೆದುಕೊಳ್ಳುತ್ತದೆ.

ಕೆರೆ ನೀರು ಹೊರಗೆ ಬಿಡುವ ತೂಬು ಹೂಳಿನಲ್ಲಿ ಹೂತುಹೋಗಿತ್ತು. ಜೆಸಿಬಿ ಇಳಿಸಿದರೆ ಏರಿಗೇ ಅಪಾಯ. ಡೀಸೆಲ್ ಪಂಪ್ ಇಟ್ಟರು. 40 ಸಾವಿರ ರೂಪಾಯಿ ಹೊಗೆಯಾಯಿತು, ನೀರು ಕೆಲವು ಇಂಚು ಇಳಿಯಿತು ಅಷ್ಟೇ. ಕೊನೆಗೆ ಏರಿ ಮೇಲೆ ಎಂಟು ಇಂಚಿನ ಎರಡು ಪೈಪು ಹಾಯಿಸಿ ಸೈಫನ್ ಮಾಡಿದೆ. ಪೈಪು ತುಂಬ ನೀರು ತುಂಬಿ ಬಿಟ್ಟರೆ ಅದು ತಾನೇ ಏರಿ ಹತ್ತಿ ಆಚೆ ತಗ್ಗಿಗೆ ಇಳಿಯುತ್ತದೆ. ಮೊದಮೊದಲು ಜಾಯಿಂಟ್‌ನಲ್ಲಿ ಗಾಳಿ ಸೇರಿ ಮತ್ತೆ ಮತ್ತೆ ನಿಲ್ಲುತ್ತಿತ್ತು. ಜನ ನಕ್ಕರು. ಜಾಯಿಂಟ್‌ಗಳನ್ನು ಬೆಸೆದೆ. ಪೈಪಿನ ಬಾಯಿ ಸುಳಿ ಎಳೆಯದ ಹಾಗೆ ಏನು ಕಟ್ಟಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ. ಆಮೇಲೆ ಹಗಲು ರಾತ್ರಿ ಹರಿಯಿತು. ಕರೆಂಟಿಲ್ಲ, ಡೀಸೆಲ್ಲಿಲ್ಲ, ದಿನಕ್ಕೆ ಒಂದು ಕೋಟಿ ಲೀಟರ್ ಮೇಲೆ. ಪೈಪು, ಕೂಲಿ ಸೇರಿ ಎರಡು ಲಕ್ಷದ ಆಸುಪಾಸು.

ಈ ನೀರನ್ನು ನೇರವಾಗಿ ಹೊಲಕ್ಕೆ ಹರಿಸುವಂತಿಲ್ಲ. ಕೆಳಗಿನ ಒಣಗಿದ ಕೆರೆಗೆ ಬಿಟ್ಟೆವು. ಅಲ್ಲಿನ ಬೋರ್‌ವೆಲ್‌ಗಳಲ್ಲಿ ನೀರು ಏರಿದ ಮೇಲೆ ರೈತರೇ ನಮ್ಮ ಪರ ನಿಂತರು.

ಕಾಲುವೆಯಲ್ಲಿ ಮುಟ್ಟಿದ್ದು ಒಂದೇ ಜಾಗ. ರಸ್ತೆ ಅಡಿಯಲ್ಲಿ ಎರಡಡಿಯ ಎರಡು ಹ್ಯೂಮ್ ಪೈಪು (ದುಂಡು ಕಾಂಕ್ರೀಟ್ ಕೊಳವೆ), ಅಡ್ಡಕ್ಕೆ ಕುಡಿಯುವ ನೀರಿನ ಕೊಳವೆ, ಅದಕ್ಕೆ ಸಿಕ್ಕಿದ ಪ್ಲಾಸ್ಟಿಕ್. ಅಡ್ಡಿ ಇಲ್ಲದಿದ್ದರೂ ನೀರಿಗೆ ಇದ್ದ ದಾರಿ ಆರು ಚದರ ಅಡಿ. ಅದನ್ನು ಕಿತ್ತು ಎಂಟಕ್ಕೆ ಐದಡಿಯ ಬಾಕ್ಸ್ ಕಲ್ವರ್ಟ್, ಅಂದರೆ ಪೆಟ್ಟಿಗೆ ಆಕಾರದ ಕಾಂಕ್ರೀಟ್ ಮೋರಿ ಹಾಕಿದೆ. 40 ಚದರ ಅಡಿ! ಖರ್ಚು ಒಂಬತ್ತು ಲಕ್ಷ ದಾಟಿತು. ಬಿಲ್ ಅರ್ಧ ಇನ್ನೂ ಬಂದಿಲ್ಲ. ಮಧ್ಯೆ ದಂಡೆಗೆ ಲಾವಂಚವನ್ನೂ ನೆಟ್ಟು ನೋಡಿದೆ. ದನ ಮೇಯದ ಕಡೆ ಬೇರು ಮಣ್ಣನ್ನು ಗಟ್ಟಿ ಹಿಡಿದಿದೆ, ಉಳಿದ ಕಡೆ ಹೋಯಿತು.

ಹೋದ ಹಿಂಗಾರಿನಲ್ಲಿ ಒಂದೇ ರಾತ್ರಿ ಒಂಬತ್ತು ಸೆಂಟಿಮೀಟರ್ ಸುರಿಯಿತು. ಕೆರೆ ಒಂದಡಿ ಏರಿತು, ಕೋಡಿ ಬೀಳಲಿಲ್ಲ. ಬಡಾವಣೆಯಲ್ಲಿ ಒಂದು ಮನೆಗೂ ನೀರು ನುಗ್ಗಲಿಲ್ಲ. ಗೋಡೆ ಕಟ್ಟಿ ಅಂದವರೇ ಈಗ ಪಕ್ಕದ ಕೆರೆಗೂ ಪೈಪು ಹಾಕಿಕೊಡಿ ಅಂತ ಕೇಳುತ್ತಿದ್ದಾರೆ. ಅಲ್ಲಿ ಏರಿ ಎತ್ತರ ಜಾಸ್ತಿ, ನೀರು ಏರುತ್ತದೋ ಇಲ್ಲವೋ ಮೊದಲು ಮಟ್ಟ ಹಿಡಿದು ನೋಡಬೇಕು.