ಸಿಯೆನಾದ ರಿಚ್ಚಾರೆಲ್ಲಿ: ಬೆಳ್ಳಗೇ ಬೇಯಬೇಕಾದ ಬಾದಾಮಿ ಬಿಸ್ಕತ್ತು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿರುವ ಸಿಯೆನಾದ ಕ್ರಿಸ್‌ಮಸ್ ತಿನಿಸು ರಿಚ್ಚಾರೆಲ್ಲಿ. ಬಿಸ್ಕತ್ತು ಅಂದರೂ ಕರುಂ ಕುರುಂ ಅನ್ನುವಂಥದ್ದಲ್ಲ. ಮೇಲೆ ಬಿರುಕು ಬಿಟ್ಟ ಬಿಳಿ ಸಕ್ಕರೆ, ಒಳಗೆ ಬಾದಾಮಿ ಬರ್ಫಿಯ ಹಾಗೆ ಮೆತ್ತಗೆ. ಮೈದಾ ಇಲ್ಲ, ಬೆಣ್ಣೆಯೂ ಇಲ್ಲ. ನಮ್ಮ ಧಾರವಾಡ ಪೇಡೆಗೆ ಇರುವಂತೆ ಇದಕ್ಕೂ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ. ಯುರೋಪಿಯನ್ ಒಕ್ಕೂಟ ಅದನ್ನು ಕೊಟ್ಟಿದ್ದು 2010ರಲ್ಲಿ.

ಹದಿನಾರು-ಹದಿನೆಂಟು ಬಿಸ್ಕತ್ತಿಗೆ ಬೇಕಾಗುವುದು: ಸಿಪ್ಪೆ ತೆಗೆದು ಒಣಗಿಸಿದ ಬಾದಾಮಿ 200 ಗ್ರಾಂ, ಪುಡಿ ಸಕ್ಕರೆ 180 ಗ್ರಾಂ, ಮೊಟ್ಟೆಯ ಬಿಳಿ 50ರಿಂದ 60 ಗ್ರಾಂ, ಒಂದು ಕಿತ್ತಳೆಯ ಸಿಪ್ಪೆಯ ತುರಿ (ಹೊರಗಿನ ಬಣ್ಣದ ಭಾಗ ಮಾತ್ರ, ಒಳಗಿನ ಬಿಳಿ ಕಹಿ), ಕಾಲು ಟೀ ಚಮಚ ಬಾದಾಮಿ ಎಸೆನ್ಸ್, ಚಿಟಿಕೆ ಉಪ್ಪು. ಹೊರಗೆ ಹೊರಳಿಸಲು ಇನ್ನೊಂದು 100 ಗ್ರಾಂ ಐಸಿಂಗ್ ಶುಗರ್. ಹಳೇ ಪಾಕವಿಧಾನಗಳಲ್ಲಿ ನಾಲ್ಕೈದು ಕಹಿ ಬಾದಾಮಿ ಹಾಕುವುದುಂಟು. ಹಸಿ ಕಹಿ ಬಾದಾಮಿಯಲ್ಲಿ ಸಯನೈಡ್ ಹುಟ್ಟುವ ಅಂಶ ಇರುತ್ತದೆ, ಅದರ ತಂಟೆ ಬೇಡ, ಎಸೆನ್ಸ್ ಸಾಕು.

ಕೆಲಸ ಹೆಚ್ಚಾಗಿ ಕೆಡುವುದು ಬಾದಾಮಿಯಲ್ಲೇ. ಕುದಿಯುವ ನೀರಿಗೆ ಹಾಕಿ ಒಂದು ನಿಮಿಷ ಬಿಟ್ಟು ಬಸಿದು, ತಣ್ಣೀರು ಸುರಿದು ಹಿಚುಕಿದರೆ ಸಿಪ್ಪೆ ಜಾರಿ ಬರುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರಡಿ ರಾತ್ರಿಯಿಡೀ ಫ್ಯಾನ್ ಕೆಳಗೆ ಒಣಗಿಸಿ. ಅವಸರವಿದ್ದರೆ 100 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟು, ಪೂರ್ತಿ ಆರಿಸಿ. ಒಂದನ್ನು ಮುರಿದು ನೋಡಿ: ಬಾಗಿದರೆ ಇನ್ನೂ ತೇವವಿದೆ, ಟಕ್ಕೆಂದು ಮುರಿದರೆ ಸರಿ. ತೇವದ ಬಾದಾಮಿಯ ಹಿಟ್ಟು ಓವನ್‌ನಲ್ಲಿ ಹರಡಿ ದೋಸೆಯಾಗುತ್ತದೆ.

ಅರ್ಧ ಸಕ್ಕರೆಯನ್ನು ಬಾದಾಮಿಯ ಜೊತೆಗೇ ಮಿಕ್ಸಿ ಜಾರಿಗೆ ಹಾಕಿ. ಮೂರು ಸೆಕೆಂಡ್ ತಿರುಗಿಸಿ, ನಿಲ್ಲಿಸಿ, ಕೆದಕಿ, ಮತ್ತೆ ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಎಣ್ಣೆ ಬಿಡುತ್ತದೆ, ಪುಡಿ ಮುದ್ದೆಗಟ್ಟುತ್ತದೆ. ಚಿರೋಟಿ ರವೆಯಷ್ಟು ತರಿ ಇದ್ದರೆ ಒಳ್ಳೆಯದು. ಮೈದಾದಷ್ಟು ನುಣ್ಣಗಾದರೆ ಬಿಸ್ಕತ್ತು ಹಲ್ಲಿಗೆ ಅಂಟುತ್ತದೆ.

ಇದಕ್ಕೆ ಉಳಿದ ಸಕ್ಕರೆ, ತುರಿ, ಉಪ್ಪು ಬೆರೆಸಿ. ಮೊಟ್ಟೆಯ ಬಿಳಿಯನ್ನು ಫೋರ್ಕ್‌ನಿಂದ ನೊರೆ ಬರುವಷ್ಟು ಮಾತ್ರ ಕಲಕಿ ಎಸೆನ್ಸ್ ಸೇರಿಸಿ. ಗಟ್ಟಿ ನೊರೆ ಬರುವವರೆಗೆ ಬೀಟರ್ ಹಿಡಿದರೆ ಬಿಸ್ಕತ್ತು ಉಬ್ಬಿ ಒಳಗೆ ಟೊಳ್ಳಾಗುತ್ತದೆ. "ಎರಡು ಮೊಟ್ಟೆ" ಅನ್ನುವ ಲೆಕ್ಕವನ್ನು ನಂಬಬೇಡಿ, ನಮ್ಮಲ್ಲಿ ಮೊಟ್ಟೆಯ ಗಾತ್ರ ಒಂದೇ ಸಮ ಇರುವುದಿಲ್ಲ. ತೂಗಿಟ್ಟುಕೊಂಡು ಚಮಚ ಚಮಚವಾಗಿ ಹಾಕಿ, ಹಿಟ್ಟು ಒಂದಾಗಿ ಕೈಗೆ ಸ್ವಲ್ಪ ಅಂಟುವಂತಾದಾಗ ನಿಲ್ಲಿಸಿ, ಬಿಳಿ ಮಿಕ್ಕರೂ ಪರವಾಗಿಲ್ಲ.

ಮುಚ್ಚಿ ಫ್ರಿಜ್‌ನಲ್ಲಿ 12ರಿಂದ 24 ಗಂಟೆ ಇಡಿ. ಈ ಹೊತ್ತಿನಲ್ಲಿ ತರಿ ತೇವವನ್ನು ಹೀರಿಕೊಂಡು ಹಿಟ್ಟು ಬಿಗಿಯಾಗುತ್ತದೆ. ಬಿಟ್ಟುಬಿಡಬಹುದಾದ ಹಂತ ಇದಲ್ಲ.

ಮರುದಿನ ಮಣೆಯ ಮೇಲೆ ಐಸಿಂಗ್ ಶುಗರ್ ಉದುರಿಸಿ, ಹಿಟ್ಟನ್ನು ಮೂರು ಸೆಂಟಿಮೀಟರ್ ದಪ್ಪದ ಕೋಲಾಗಿ ಹೊಸೆದು, 25 ಗ್ರಾಂ ತುಂಡುಗಳಾಗಿ ಕತ್ತರಿಸಿ. ಪ್ರತಿಯೊಂದನ್ನೂ ಎರಡು ತುದಿ ಸ್ವಲ್ಪ ಚೂಪಾಗಿರುವ, ಬೆರಳುದ್ದದ ವಜ್ರಾಕಾರಕ್ಕೆ ಒತ್ತಿ. ದಪ್ಪ ಒಂದು ಸೆಂಟಿಮೀಟರ್ ಇರಲಿ. ಸಕ್ಕರೆಯಲ್ಲಿ ಧಾರಾಳವಾಗಿ ಹೊರಳಿಸಿ ಬೇಕಿಂಗ್ ಪೇಪರ್ ಮೇಲೆ ಜೋಡಿಸಿ ಒಂದು ಗಂಟೆ ತೆರೆದಿಡಿ. ಮೇಲ್ಮೈ ಒಣಗಿದರೇನೇ ಬೇಯುವಾಗ ಆ ಚೆಂದದ ಬಿರುಕು ಮೂಡುವುದು. ಮನೆಯಲ್ಲೇ ಪುಡಿ ಮಾಡಿದ ಸಕ್ಕರೆಯಾದರೆ 100 ಗ್ರಾಮಿಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಬೆರೆಸಿ, ಇಲ್ಲದಿದ್ದರೆ ಬೇಗ ಕರಗಿ ಮಾಯವಾಗುತ್ತದೆ. ಸಿಯೆನಾದಲ್ಲಿ ಕೆಲವರು ಬಿಸ್ಕತ್ತಿನ ಕೆಳಗೆ ಚರ್ಚಿನ ಪ್ರಸಾದದ ವೇಫರ್‌ನಂಥ ತೆಳು ಹಾಳೆ ಇಡುತ್ತಾರೆ. ಅದಿಲ್ಲದೆಯೂ ನಡೆಯುತ್ತದೆ.

ಓಟಿಜಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್) ಆದರೆ ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, 150 ಡಿಗ್ರಿಗೆ ಹದಿನೈದು ನಿಮಿಷ ಮೊದಲೇ ಕಾಯಿಸಿ. ಮಧ್ಯದ ತಟ್ಟೆಯಲ್ಲಿ 18ರಿಂದ 20 ನಿಮಿಷ. ಹದಿನೈದನೇ ನಿಮಿಷಕ್ಕೆ ಒಮ್ಮೆ ಇಣುಕಿ ನೋಡಿ: ಅಂಚು ಕೆಂಪಗಾಗುತ್ತಿದ್ದರೆ ಉರಿ 140ಕ್ಕೆ ಇಳಿಸಿ. ಹೊರಗೆ ತೆಗೆದಾಗ ಬೆರಳಿಗೆ ಮೆತ್ತಗೆ ತಗ್ಗುತ್ತದೆ. ಬೆಂದಿಲ್ಲ ಅಂದುಕೊಂಡು ಮತ್ತೆ ಒಳಗೆ ತಳ್ಳುವವರೇ ಜಾಸ್ತಿ, ಆಮೇಲೆ ಅದು ಕಲ್ಲಾಗುತ್ತದೆ. ಬಿಸಿಯಲ್ಲಿ ಎತ್ತಿದರೆ ಮುರಿಯುತ್ತದೆ, ತಟ್ಟೆಯಲ್ಲೇ ಆರಲಿ, ತಾನಾಗಿ ಗಟ್ಟಿಯಾಗುತ್ತದೆ.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹತ್ತು ದಿನ ಇರುತ್ತದೆ. ಫ್ರಿಜ್ ಬೇಡ. ಮಂಗಳೂರು, ಕಾರವಾರದಂಥ ಕಡೆ ಹೊರಗಿನ ಸಕ್ಕರೆ ಎರಡೇ ದಿನಕ್ಕೆ ಬೆವರಬಹುದು. ಬಡಿಸುವ ಮುಂಚೆ ಮೇಲೆ ಇನ್ನಷ್ಟು ಉದುರಿಸಿ.