ಸಂತೆಯ ದಿನದ ಮಕ್ಕಳ ಮನೋವೈದ್ಯ ಓಪಿಡಿ: ನನ್ನ ಅನುಭವ

ಥೆರಪಿ ಸೆಂಟರ್ ಇಲ್ಲದ ಊರಿನಲ್ಲಿ ಮಕ್ಕಳ ಮನೋವೈದ್ಯೆ ಮಾಡುವುದಾದರೂ ಏನು ಎಂದು ಕೇಳಿದವರಲ್ಲಿ ನನಗೆ ಪಾಠ ಹೇಳಿದವರೂ ಇದ್ದರು, ಜೊತೆಗೆ ಓದಿದವರೂ ಇದ್ದರು. ಅದು ಏಳೆಂಟು ವರ್ಷದ ಹಿಂದಿನ ಮಾತು. ಈಗ ಯಾದಗಿರಿ–ರಾಯಚೂರು ಭಾಗದ ಒಂದು ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೊಮ್ಮೆ ನಡೆಯುವ ನನ್ನ ಓಪಿಡಿಗೆ ನಲವತ್ತು ಐವತ್ತು ಮಕ್ಕಳು ಬರುತ್ತಾರೆ. ಬಂದವರು ಮತ್ತೆ ಬರುತ್ತಾರೆ, ಅದೇ ಮುಖ್ಯ. ಮೊದಲ ವರ್ಷ ಮೂರನೆಯ ಭೇಟಿ ಕಂಡವರು ನೂರಕ್ಕೆ ಇಪ್ಪತ್ತು ಇದ್ದಿರಬಹುದು. ಈಗ ಅರವತ್ತಕ್ಕಿಂತ ಮೇಲಿದ್ದಾರೆ. ದೊಡ್ಡ ಊರಿನ ಯಾವ ಓಪಿಡಿಯ ಪಕ್ಕದಲ್ಲಿಟ್ಟರೂ ಈ ಲೆಕ್ಕ ತಲೆ ತಗ್ಗಿಸುವಂಥದ್ದಲ್ಲ.

ಎಂ.ಡಿ. ನಂತರ ನಾನು ಮಾಡಿದ್ದು ಮಕ್ಕಳ ಮನೋವೈದ್ಯದಲ್ಲಿ ಒಂದು ವರ್ಷದ ಫೆಲೋಶಿಪ್. ಅದೇ ವಿಷಯದ ಮೂರು ವರ್ಷದ ಉನ್ನತ ಪದವಿ ಡಿ.ಎಂ. ಮಾಡುವಷ್ಟು ಅನುಕೂಲ ಮನೆಯಲ್ಲಿರಲಿಲ್ಲ. ಕಲಿಯುವಾಗ ಒಂದು ಮಗುವಿನ ಪೂರ್ವಾಪರ ಬರೆದುಕೊಳ್ಳಲು ಎರಡು ಗಂಟೆ ಸಿಗುತ್ತಿತ್ತು. ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು, ದಿನನಿತ್ಯದ ಚಟುವಟಿಕೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಪಕ್ಕದ ಕೋಣೆಯಲ್ಲೇ ಇರುತ್ತಿದ್ದರು. ಇಲ್ಲಿ ಸಿಗುವುದು ಇಪ್ಪತ್ತು ನಿಮಿಷ, ಪಕ್ಕದ ಕೋಣೆಯಲ್ಲಿ ಗೊಬ್ಬರದ ಅಂಗಡಿಯ ದಾಸ್ತಾನು.

ಮೊದಲು ಕೈಕೊಟ್ಟ ಪ್ರಯತ್ನಗಳನ್ನು ಹೇಳಿಬಿಡುತ್ತೇನೆ, ಹೊಸದಾಗಿ ಶುರು ಮಾಡುವವರ ಹಣವಾದರೂ ಉಳಿಯಲಿ. ದಾನಿಯೊಬ್ಬರು ಕೊಟ್ಟ ಹಣಕ್ಕೆ ನನ್ನದನ್ನೂ ಸೇರಿಸಿ ಸುಮಾರು 4 ಲಕ್ಷ ರೂಪಾಯಿಯಲ್ಲಿ ಥೆರಪಿ ಕೋಣೆ ಸಿದ್ಧಪಡಿಸಿದೆವು. ಜೋಕಾಲಿ, ದೊಡ್ಡ ಚೆಂಡು, ಕನ್ನಡಿ, ಮೆತ್ತನೆಯ ನೆಲ ಎಲ್ಲವೂ ಬಂದವು. ತಿಂಗಳಿಗೆ 28 ಸಾವಿರಕ್ಕೆ ಒಪ್ಪಿ ಬಂದ ವಾಕ್ ಚಿಕಿತ್ಸಕಿ ಏಳೆಂಟು ತಿಂಗಳಲ್ಲಿ ನಗರದಲ್ಲಿ ಕೆಲಸ ಸಿಕ್ಕಿ ಹೊರಟರು. ಅವರ ಜಾಗಕ್ಕೆ ಬಂದವರು ಒಂದು ಬೇಸಿಗೆ ದಾಟಲಿಲ್ಲ. ಅವರು ಇದ್ದಾಗಲೂ ಕೋಣೆ ತುಂಬಿರಲಿಲ್ಲ. ವಾರಕ್ಕೆ ಮೂರು ಸಲ ಬನ್ನಿ ಎಂದರೆ ಹತ್ತಿ ಬಿಡಿಸುವ ಕೂಲಿ ಬಿಟ್ಟು ಯಾವ ತಾಯಿ ಬಂದಾಳು? ಒಂದು ದಿನದ ಕೂಲಿ, ಟಂಟಂ ಬಾಡಿಗೆ, ಮಗುವಿಗೆ ತಿನ್ನಲು ಏನಾದರೂ ಎಂದು ಸಲಕ್ಕೆ ಐನೂರು ರೂಪಾಯಿ ಅವಳ ಕೈಬಿಡುತ್ತಿತ್ತು. ಕೊನೆಗೆ ಕೋಣೆಗೆ ಬೀಗ ಬಿತ್ತು.

ಆಮೇಲೆ ಭಾನುವಾರದ ಉಚಿತ ಶಿಬಿರ. ಮೊದಲ ಶಿಬಿರಕ್ಕೆ ನೂರು ಜನ ಬಂದರೆ ಮುಂದಿನದಕ್ಕೆ ಅವರಲ್ಲಿ ಹತ್ತು ಜನ ಬರುತ್ತಿದ್ದರು. ಚಿತ್ರಗಳಿರುವ ಕೈಪಿಡಿ ಮುದ್ರಿಸಲು 30 ಸಾವಿರ ಹೋಯಿತು. ಮನೆಗಳಿಗೆ ಹೋಗಿ ನೋಡಿದರೆ ಅದು ದೇವರ ಫೋಟೋದ ಹಿಂದೆ ಭದ್ರವಾಗಿತ್ತು, ಯಾರೂ ತೆರೆದಿರಲಿಲ್ಲ.

ದಾರಿ ತೆರೆದದ್ದು ಎರಡು ಬದಲಾವಣೆಗಳಿಂದ. ಮೊದಲನೆಯದು ಸಂತೆ. ಸಂತೆಯ ದಿನ ಸುತ್ತಲಿನ ಹಳ್ಳಿಗಳಿಂದ ಬಸ್ಸು, ಟಂಟಂ ಹೇಗೂ ಬರುತ್ತವೆ, ಕೂಲಿಗೂ ಹೆಚ್ಚಿನವರು ಹೋಗುವುದಿಲ್ಲ. ಮನೋವೈದ್ಯರ ಬಳಿಗೆ ಹೊರಟೆ ಎಂದು ಯಾರಿಗೂ ಹೇಳಬೇಕಾಗಿಲ್ಲ, ಸಂತೆಗೆ ಹೊರಟೆ ಎಂದರೆ ಸಾಕು. ಬಸ್ ನಿಲ್ದಾಣದ ಹಿಂದೆ ತಿಂಗಳಿಗೆ 3,500 ರೂಪಾಯಿಯ ಕೋಣೆ ಹಿಡಿದೆ. ಬೆಳಿಗ್ಗೆ 11ಕ್ಕೆ ಶುರು, ಮಧ್ಯಾಹ್ನ 3ಕ್ಕೆ ಮುಕ್ತಾಯ, ಏಕೆಂದರೆ ನಾಲ್ಕರ ಬಸ್ಸು ತಪ್ಪಿದರೆ ಆ ತಾಯಿ ಇನ್ನೊಮ್ಮೆ ಬರುವುದಿಲ್ಲ. ಶುಲ್ಕ 100, ಮರುಭೇಟಿಗೆ 50. ಉಚಿತವಾಗಿ ನೋಡಿದಾಗಿನದಕ್ಕಿಂತ ಹಣ ತೆಗೆದುಕೊಂಡಾಗಲೇ ಜನ ಹೆಚ್ಚು ಸಲ ಬಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾದ ಮೇಲಂತೂ ನನ್ನ ಮರುಭೇಟಿಯ ಪುಸ್ತಕವೇ ಬದಲಾಯಿತು. ಗಂಡನ ಹತ್ತಿರ ಬಸ್ ದುಡ್ಡು ಕೇಳಬೇಕಾಗಿಲ್ಲದ ತಾಯಿ ಹೇಳಿದ ದಿನಕ್ಕೆ ಬರುತ್ತಾಳೆ. ನಾನು ಬರೆದುಕೊಟ್ಟ ಯಾವ ಮಾತ್ರೆಯೂ ಇಷ್ಟು ಬೇಗ ಫಲ ಕೊಟ್ಟಿಲ್ಲ.

ಎರಡನೆಯದು, ಆಟಿಸಂ (ಮಾತು, ಒಡನಾಟ ಹಿಂದುಳಿಯುವ ಬೆಳವಣಿಗೆಯ ತೊಂದರೆ) ಇರುವ ಮಕ್ಕಳ ಚಿಕಿತ್ಸೆಯನ್ನು ಮನೆಗೇ ಕಳಿಸಿದ್ದು. ಪಿಯುಸಿ ಓದಿದ ಇಬ್ಬರು ಸ್ಥಳೀಯ ಹೆಂಗಸರನ್ನು ತೆಗೆದುಕೊಂಡೆ. ಅವರಲ್ಲಿ ಒಬ್ಬರು ಅಂಗನವಾಡಿ ಸಹಾಯಕಿಯಾಗಿದ್ದವರು. ‘ಆಟಿಸಂ ಚಿಕಿತ್ಸೆ ಅವರ ಕೈಯಲ್ಲಿ ಆಗುತ್ತದೆಯೇ?’ ಎಂದು ನಕ್ಕವರು ಬಹಳ. ಆದರೆ ಬಳ್ಳಾರಿ ನಮ್ಮಿಂದ ಎಷ್ಟು ದೂರ? 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ನಿಮ್ಹಾನ್ಸ್ ಅಲ್ಲಿ ತೋರಿಸಿಕೊಟ್ಟಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಅಲ್ಲಿದೆ. ಆಟಿಸಂಗೂ ದಾರಿ ಇತ್ತು. ಗೋವಾ ಮತ್ತು ರಾವಲ್ಪಿಂಡಿಯಲ್ಲಿ ನಡೆದ ‘ಪಾಸ್’ ಅಧ್ಯಯನದಲ್ಲಿ ತಜ್ಞರಲ್ಲದ ಕಾರ್ಯಕರ್ತರೇ ತಂದೆ ತಾಯಿಗೆ ಕಲಿಸಿದ್ದರು, ಅದರ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ನಾನು ಹಿಡಿದದ್ದು ಅದೇ ದಾರಿ, ನಮ್ಮ ಮನೆಗಳಿಗೆ ಹೊಂದುವಂತೆ.

ಕೆಲಸ ಹೀಗೆ ನಡೆಯುತ್ತದೆ. ಮಾತು ಬಾರದ, ಕಣ್ಣು ಕೂಡಿಸದ ನಾಲ್ಕು ವರ್ಷದ ಹುಡುಗ. ತಾಯಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಾಳೆ. ಹಿಟ್ಟಿನ ಸಣ್ಣ ಉಂಡೆ ಅವನಿಗೆ ಇಷ್ಟವೆಂಬುದು ಅವಳಿಗೆ ಗೊತ್ತು. ಮೊದಲಾಗಿದ್ದರೆ ಅವನು ಕೈಚಾಚಿದ ತಕ್ಷಣ ಕೊಟ್ಟುಬಿಡುತ್ತಿದ್ದಳು. ಈಗ ಉಂಡೆಯನ್ನು ತನ್ನ ಗಲ್ಲದ ಹತ್ತಿರ ಹಿಡಿದು ಸುಮ್ಮನಾಗುತ್ತಾಳೆ. ಹೆಸರು ಕೂಗುವುದಿಲ್ಲ, ‘ನೋಡು ನೋಡು’ ಎನ್ನುವುದಿಲ್ಲ, ಮನಸ್ಸಿನಲ್ಲೇ ಹತ್ತು ಎಣಿಸುತ್ತಾಳೆ. ಹುಡುಗ ಕೈ ಎಳೆಯುತ್ತಾನೆ, ಗೊಣಗುತ್ತಾನೆ, ಏಳೋ ಎಂಟೋ ಎಣಿಸುವ ಹೊತ್ತಿಗೆ ಮುಖವೆತ್ತುತ್ತಾನೆ. ಆ ಕ್ಷಣಕ್ಕೆ ‘ಹಿಟ್ಟು’ ಎಂದು ಒಂದೇ ಮಾತು ಹೇಳಿ ಉಂಡೆಯನ್ನು ಕೈಗಿಡುತ್ತಾಳೆ. ನಮ್ಮ ಕಾರ್ಯಕರ್ತೆ ಇದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, ಅಲ್ಲೇ ಕುಳಿತು ತಾಯಿಗೆ ತೋರಿಸುತ್ತಾರೆ. ಸರಿ ಹೋಗದ ಭಾಗ ತೋರಿಸುವುದಿಲ್ಲ, ಅವನು ಮುಖವೆತ್ತಿದ ಆ ಹದಿನೈದು ಇಪ್ಪತ್ತು ಸೆಕೆಂಡು ಮಾತ್ರ. ‘ಅವನು ನನ್ನನ್ನೇ ನೋಡಿದನಾ ಅಕ್ಕ?’ ಎಂದು ತಾಯಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡುತ್ತಾಳೆ. ಆ ಹುಡುಗ ಐದಾರು ತಿಂಗಳಲ್ಲಿ ಹತ್ತು ಹನ್ನೆರಡು ಮಾತು ಕಲಿತ.

ಅಡ್ಡ ಬರುವವರು ಸಾಮಾನ್ಯವಾಗಿ ಅಜ್ಜಿಯರು. ‘ಇವರಪ್ಪನೂ ಐದು ವರ್ಷಕ್ಕೇ ಮಾತನಾಡಿದ್ದು, ನೀವು ಸುಮ್ಮನೆ ಹೆದರಿಸಬೇಡಿ’ ಎನ್ನುತ್ತಾರೆ. ಅಜ್ಜಿಯನ್ನು ಒಲಿಸಿಕೊಳ್ಳುವ ಒಂದು ಉಪಾಯ ನನ್ನ ಬಳಿ ಇದೆ, ಇಲ್ಲಿಯವರೆಗೆ ಹೆಚ್ಚುಕಡಿಮೆ ಸೋತಿಲ್ಲ. ಅದನ್ನು ಬರೆದು ತಿಳಿಸಲಾಗದು, ಬಂದು ನೋಡಿದವರಿಗೆ ತೋರಿಸುತ್ತೇನೆ.

ರೋಗ ಗುರುತಿಸುವಾಗ ಇಲ್ಲಿ ಎಡವುವ ಜಾಗಗಳು ಬೇರೆ. ‘ಒಂದು ನಿಮಿಷ ಕೂರುವುದಿಲ್ಲ, ಹೊಡೆಯುತ್ತಾನೆ’ ಎಂದು ಬಂದ ಮಕ್ಕಳಲ್ಲಿ ಅನೇಕರು ಫಿಟ್ಸ್‌ಗಾಗಿ ಫಿನೋಬಾರ್ಬಿಟೋನ್ ತೆಗೆದುಕೊಳ್ಳುತ್ತಿದ್ದರು. ಅಗ್ಗದ ಮಾತ್ರೆ, ಸುಲಭವಾಗಿ ಸಿಗುತ್ತದೆ, ಫಿಟ್ಸ್ ನಿಲ್ಲುತ್ತದೆ, ಆದರೆ ಕೆಲವು ಮಕ್ಕಳನ್ನು ಕಾಡುಕುದುರೆ ಮಾಡುತ್ತದೆ. ನಿಧಾನವಾಗಿ, ಫಿಟ್ಸ್‌ಗೇ ಕೊಡುವ ಇನ್ನೊಂದು ಔಷಧವಾದ ವಾಲ್ಪ್ರೋಯೇಟ್‌ಗೆ ಬದಲಿಸಿದಾಗ ಗಮನ ನಿಲ್ಲದ, ಅತಿಚಟುವಟಿಕೆಯ ತೊಂದರೆ ಎನಿಸಿದ್ದ ಅರ್ಧದಷ್ಟು ‘ಎಡಿಎಚ್‌ಡಿ’ ಎರಡು ತಿಂಗಳಲ್ಲಿ ಮಾಯವಾಯಿತು. ಹೆಣ್ಣುಮಕ್ಕಳಿಗೆ ವಾಲ್ಪ್ರೋಯೇಟ್ ಕೊಡಲು ನಾನು ಹಿಂಜರಿಯುತ್ತೇನೆ. ಇಲ್ಲಿ ಮದುವೆ ಬೇಗ ಆಗುತ್ತದೆ, ಗರ್ಭಿಣಿಗೆ ಆ ಔಷಧ ಸಲ್ಲದು. ನಿಜವಾದ ಎಡಿಎಚ್‌ಡಿಗೆ ಮಿಥೈಲ್‌ಫೆನಿಡೇಟ್ ನಮ್ಮ ತಾಲ್ಲೂಕಿನ ಅಂಗಡಿಯಲ್ಲಿ ಸಿಗುವುದಿಲ್ಲ. ಅಟೊಮಾಕ್ಸೆಟಿನ್ ತಿಂಗಳಿಗೆ ಮುನ್ನೂರು ನಾನೂರು ಬೀಳುತ್ತದೆ, ಅದೂ ಕೈಗೆಟುಕದ ಮನೆಗೆ ಕ್ಲೋನಿಡಿನ್‌ನಲ್ಲೇ ನಿಭಾಯಿಸುತ್ತೇನೆ. ಸೋದರಮಾವನನ್ನೇ ಮದುವೆಯಾದ ತಾಯಂದಿರು ಬಹಳವಿರುವ, ಅದರಿಂದ ಹುಟ್ಟುಕಿವುಡಿನ ಸಂಶಯವೂ ಇರುವ ಈ ಭಾಗದಲ್ಲಿ ಶ್ರವಣ ಪರೀಕ್ಷೆಯಾಗದೆ ಆಟಿಸಂ ಎಂದು ಬರೆಯುವುದಿಲ್ಲ, ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ನೋಡದೆ ಬುದ್ಧಿಮಾಂದ್ಯತೆ ಎಂದು ಬರೆಯುವುದಿಲ್ಲ. ಬುದ್ಧಿಮಟ್ಟ ಅಳೆಯುವ ಬಿನೆ–ಕಾಮತ್ ಪರೀಕ್ಷೆಯ ಪೆಟ್ಟಿಗೆ ನನ್ನ ಬಳಿಯೂ ಇದೆ. ಆದರೆ ವರ್ಷದಲ್ಲಿ ನಾಲ್ಕು ತಿಂಗಳು ಹೊಲದಲ್ಲಿರುವ ಮಗುವಿಗೆ ಅದರ ಅಂಕ ಅನ್ಯಾಯ ಮಾಡುತ್ತದೆ. ಮಗುವಿನ ದಿನನಿತ್ಯದ ಸಾಮರ್ಥ್ಯ ಅಳೆಯುವ ವಿಎಸ್‌ಎಂಎಸ್‌ನ ಪ್ರಶ್ನೆಗಳನ್ನು ಅಜ್ಜಿಗೂ ತಾಯಿಗೂ ಬೇರೆ ಬೇರೆಯಾಗಿ ಕೇಳಿದರೆ ಹೆಚ್ಚು ತಿಳಿಯುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ, ಮುಖ್ಯ ಕೆಲಸಕ್ಕೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕು. ಹಾಸಿಗೆ ಒದ್ದೆ ಮಾಡುವ ಹುಡುಗರು ವಸತಿ ನಿಲಯ ಬಿಟ್ಟು ಓಡಿಬರುತ್ತಿದ್ದರು. ಒದ್ದೆಯಾದ ಕೂಡಲೇ ಸದ್ದು ಮಾಡಿ ಎಬ್ಬಿಸುವ ಅಲಾರಂ ಹೊರಗಿನಿಂದ ತರಿಸಿದರೆ ಎರಡು ಮೂರು ಸಾವಿರ. ಮೊಬೈಲ್ ರಿಪೇರಿ ಅಂಗಡಿಯ ಹುಡುಗನೊಬ್ಬನ ಜೊತೆ ಕುಳಿತು 250 ರೂಪಾಯಿಯ ಒಳಗೆ ಒಂದನ್ನು ತಯಾರಿಸಿದೆವು. ಮೊದಲಿನವು ಬೆವರಿಗೇ ಬಡಿದುಕೊಳ್ಳುತ್ತಿದ್ದವು. ಆ ತೊಂದರೆಯನ್ನು ಬಟ್ಟೆಯ ಪದರದಲ್ಲಿ ಹೇಗೆ ನಿವಾರಿಸಿದೆವು ಎಂಬುದು ಸದ್ಯಕ್ಕೆ ನಮ್ಮಿಬ್ಬರ ಗುಟ್ಟು. ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಮಲಗುವಲ್ಲಿ ಎಲ್ಲರೂ ಎದ್ದು ಕೂರುತ್ತಿದ್ದರು, ಆ ಹುಡುಗನೊಬ್ಬನನ್ನು ಬಿಟ್ಟು! ಅವನನ್ನು ಎಬ್ಬಿಸುವ ಹೊಣೆಯನ್ನು ಮನೆಯ ಒಬ್ಬರಿಗೇ ವಹಿಸಿ, ಎರಡು ಮೂರು ತಿಂಗಳು ಬಿಡದೆ ನಡೆಸಿದ ಕಡೆಗಳಲ್ಲಿ ಫಲ ಸಿಕ್ಕಿತು.

ವಸತಿ ನಿಲಯದ ಹುಡುಗಿಯರ ವಿಷಯ ಇಷ್ಟು ಹಗುರವಲ್ಲ. ಒಬ್ಬಳು ಪ್ರಜ್ಞೆ ತಪ್ಪಿದಂತೆ ಬಿದ್ದರೆ ವಾರದೊಳಗೆ ಐದಾರು ಹುಡುಗಿಯರು ಬೀಳುತ್ತಾರೆ, ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ತಾಯತ ಬಿಚ್ಚಿ ಎಂದು ನಾನು ಹೇಳುವುದಿಲ್ಲ. ಪ್ರತಿಯೊಬ್ಬಳನ್ನೂ ಒಂಟಿಯಾಗಿ ಮಾತನಾಡಿಸುತ್ತೇನೆ, ಅದರಲ್ಲೂ ಮೊದಲು ಬಿದ್ದವಳನ್ನು. ನಿಶ್ಚಯವಾಗಿರುವ ಮದುವೆ, ಬಿಡಿಸಲಿರುವ ಶಾಲೆ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದು ಹೊರಬರುತ್ತದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆಯಡಿ ದೂರು ಕೊಡುವುದು ನನಗೆ ಕಡ್ಡಾಯ. ಆದ್ದರಿಂದ ಎಲ್ಲವನ್ನೂ ಗುಟ್ಟಾಗಿಡಲು ನನ್ನಿಂದ ಆಗುವುದಿಲ್ಲ ಎಂದು ಮಾತು ಶುರುವಾಗುವ ಮೊದಲೇ ಹುಡುಗಿಗೆ ಹೇಳುತ್ತೇನೆ. ಹಾಗೆ ಹೇಳಿದರೆ ಅವರು ಬಾಯಿ ಬಿಡುವುದಿಲ್ಲ ಎಂದು ಎಚ್ಚರಿಸಿದವರಿದ್ದರು. ಬಿಡುತ್ತಾರೆ.

ಇನ್ನೂ ಬಗೆಹರಿಯದ್ದು ಗುಳೆ. ದೀಪಾವಳಿ ಕಳೆದ ಮೇಲೆ ನನ್ನ ಮಕ್ಕಳಲ್ಲಿ ಮೂರನೇ ಒಂದು ಭಾಗ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಮುಂಬೈಗೋ ಹೊರಡುತ್ತದೆ, ಮರಳುವುದು ಯುಗಾದಿಗೆ. ಹೊರಡುವ ಮುನ್ನ ನಾಲ್ಕು ತಿಂಗಳ ಮಾತ್ರೆಯ ಚೀಟಿ, ಒಂದು ಪುಟದ ವಿವರ ಕೊಟ್ಟು, ವಾರಕ್ಕೊಮ್ಮೆ ಕಾರ್ಯಕರ್ತೆ ಫೋನ್ ಮಾಡುತ್ತಾರೆ. ರಾತ್ರಿ ತುರ್ತು ಬಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಇದರಿಂದ ಅರ್ಧ ಮಕ್ಕಳು ಕೈತಪ್ಪದೆ ಉಳಿದಿದ್ದಾರೆ. ಉಳಿದರ್ಧಕ್ಕೆ ಯುಗಾದಿಯ ನಂತರ ಮತ್ತೆ ಮೊದಲಿನಿಂದ ಶುರು.

ಖರ್ಚಿನ ಲೆಕ್ಕ: ಇಬ್ಬರಿಗೆ ತಲಾ 11 ಸಾವಿರ, ಸ್ಕೂಟರಿನ ಪೆಟ್ರೋಲ್ ಎರಡೂವರೆ ಸಾವಿರ, ಬಾಡಿಗೆ, ಫೋನು ಸೇರಿ ತಿಂಗಳಿಗೆ 30 ಸಾವಿರದ ಆಸುಪಾಸು. ಮಕ್ಕಳ ಓಪಿಡಿಯಿಂದ ಬರುವುದು 12–13 ಸಾವಿರ. ಉಳಿದದ್ದನ್ನು ವಾರದ ಬೇರೆ ದಿನಗಳ ದೊಡ್ಡವರ ಓಪಿಡಿ ತುಂಬುತ್ತದೆ. ಕುಟುಂಬದ ಕೈಗೆ ನಾಲ್ಕು ಕಾಸು ಸೇರುವ ದಾರಿಯನ್ನೂ ನಾವೇ ಹಿಡಿಸುತ್ತೇವೆ: ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನ, ಆಟಿಸಂ ಮತ್ತು ಬುದ್ಧಿಮಾಂದ್ಯತೆ ಇರುವವರಿಗೆ 1 ಲಕ್ಷದವರೆಗಿನ ನಿರಾಮಯ ವಿಮೆ. ಈ ಕಾಗದದ ಕೆಲಸದಲ್ಲಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಾದ ವಿಆರ್‌ಡಬ್ಲ್ಯೂಗಳಷ್ಟು ನೆರವಾದವರು ಬೇರೆ ಇಲ್ಲ. ಅವರೂ ಅಂಗವಿಕಲರೇ ಆದ್ದರಿಂದ ಯಾವ ಕಚೇರಿಯ ಯಾವ ಮೇಜಿನಲ್ಲಿ ಕಡತ ನಿಲ್ಲುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಶಾಲೆ ಶುರುವಾಗುವ ಜೂನ್‌ನಿಂದ ಪಕ್ಕದ ತಾಲ್ಲೂಕಿನಲ್ಲಿ ಎರಡನೆಯ ಓಪಿಡಿ ತೆರೆಯುತ್ತಿದ್ದೇನೆ, ಅಲ್ಲಿಯೂ ಸಂತೆಯ ದಿನವೇ. ಒಬ್ಬ ಕಾರ್ಯಕರ್ತೆಯ ಸಂಬಳಕ್ಕೆ ಹಣ ಹೊಂದಿದೆ, ಇನ್ನೊಬ್ಬರದಕ್ಕೆ ಹುಡುಕುತ್ತಿದ್ದೇನೆ. ಮಕ್ಕಳ ಮನೋವೈದ್ಯ ಕಲಿಯುತ್ತಿರುವವರು ಬಂದು ಒಂದು ತಿಂಗಳು ಜೊತೆಗಿರುವುದಾದರೆ ಉಳಿಯಲು ಆ ಬೀಗ ಬಿದ್ದ ಥೆರಪಿ ಕೋಣೆ ಖಾಲಿ ಇದೆ, ಫ್ಯಾನ್ ಹಾಕಿಸಿದ್ದೇನೆ.