ಡಿಪ್ರೆಶನ್ ಮಾತ್ರೆ ಶುರುವಾದ ಮೊದಲ ತಿಂಗಳು ಮನೆಯವರು ಏನ್ ಮಾಡ್ಬೇಕು

ನಮ್ಮಣ್ಣಂಗೆ ಇರೋದು ಡಿಪ್ರೆಶನ್ ಅಂತ ಗೊತ್ತಾಗೋ ಹೊತ್ತಿಗೆ ಎಂಡೋಸ್ಕೋಪಿ ಆಗಿತ್ತು, ಹೊಟ್ಟೆ ಸ್ಕ್ಯಾನಿಂಗ್ ಆಗಿತ್ತು, ಅಮ್ಮ ಮೂರ್ ಸಲ ದೃಷ್ಟಿ ತೆಗೆದಾಗಿತ್ತು. ಅವನು ಒಂದಿನಾನೂ ಬೇಜಾರು ಅಂದವನಲ್ಲ, ಗ್ಯಾಸ್ಟ್ರಿಕ್ಕು, ಸುಸ್ತು, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತೆ, ಇಷ್ಟೇ. ಹಂಗಾಗಿ ಅಳ್ತಾ ಕೂತವರನ್ನೇ ಹುಡುಕ್ಬೇಡಿ. ಎರಡು ವಾರ ಹೆಚ್ಚೂಕಮ್ಮಿ ದಿನಾಲೂ ಮಂಕಾಗಿದಾರಾ, ಇಷ್ಟದ್ದೂ ಬೇಡ ಅಂತಿದಾರಾ, ನಿದ್ದೆ ಊಟ ಏರುಪೇರಾಗಿದ್ಯಾ ನೋಡಿ. ಕ್ರಿಕೆಟ್ ನಡೀತಿರುವಾಗ ಅಣ್ಣ ಟಿವಿ ಆಫ್ ಮಾಡು ಅಂದಾಗ್ಲೇ ನಂಗೆ ಅನುಮಾನ ಬಂದಿದ್ದು.

ತೋರಿಸೋಕೆ ನಿಮ್ಹಾನ್ಸ್‌ಗೇ ಓಡ್ಬೇಕಂತಿಲ್ಲ, ಜಿಲ್ಲಾಸ್ಪತ್ರೇಲಿ ಮನೋವೈದ್ಯರು ಇರ್ತಾರೆ, ಧಾರವಾಡದ ಕಡೆಯವರಿಗೆ ಡಿಮ್ಹಾನ್ಸ್ ಅನ್ನೋ ಮಾನಸಿಕ ಆಸ್ಪತ್ರೆ ಇದೆ. ಏನೂ ತೋಚದಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮನಸ್ ಅಂತ 2022ರಲ್ಲಿ ಶುರುವಾದ ಸರ್ಕಾರದ ಫ್ರೀ ನಂಬರು, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟ್ರು ಥೈರಾಯ್ಡ್, ಬಿ12 ಟೆಸ್ಟ್ ಬರೆದ್ರೆ ದುಡ್ಡು ಕೀಳೋಕೆ ಅನ್ಕೋಬೇಡಿ, ಥೈರಾಯ್ಡ್ ಕಮ್ಮಿ ಆದ್ರೂ ಮನುಷ್ಯ ಹಿಂಗೇ ಆಗ್ತಾನೆ. ಹಿಂದೆ ಯಾವಾಗಾದ್ರೂ ದಿನಗಟ್ಲೆ ನಿದ್ದೆ ಇಲ್ದೆನೂ ಜೋಶಲ್ಲಿ ಓಡಾಡಿ ಸಿಕ್ಕಾಪಟ್ಟೆ ಖರ್ಚು ಮಾಡಿದ್ರೆ ಅದನ್ನೂ ಹೇಳಿ, ಬೈಪೋಲಾರ್ ಅಂದ್ರೆ ಒಮ್ಮೆ ಅತಿ ಜೋಶು, ಒಮ್ಮೆ ಮಂಕು ಆಗೋ ಕಾಯಿಲೆ, ಅದಿದ್ರೆ ಔಷಧಿನೇ ಬೇರೆ.

ಎಲ್ರೂ ಎಡವೋದು ಇದಾದ್ಮೇಲೆ. ಎಸಿಟಾಲೋಪ್ರಾಮ್, ಸರ್ಟ್ರಾಲಿನ್ ಥರದ ಡಿಪ್ರೆಶನ್ ಮಾತ್ರೆಗಳಲ್ಲಿ ತೊಂದ್ರೆ ಮೊದಲು ಬರುತ್ತೆ, ಗುಣ ಆಮೇಲೆ. ವಾಕರಿಕೆ, ತಲೆನೋವು, ಚಡಪಡಿಕೆ ಮೊದಲ ವಾರಾನೇ ಶುರು, ಮನಸ್ಸು ಹಗುರ ಆಗೋಕೆ ಎರಡರಿಂದ ನಾಲ್ಕು ವಾರ, ಪೂರ್ತಿ ಫಲ ಕಾಣೋಕೆ ಆರೆಂಟು ವಾರಾನೂ ಆಗಬಹುದು, ಇದನ್ನ ಮೊದಲೇ ಯಾರಾದ್ರೂ ಕೂರಿಸಿ ಹೇಳದೇ ಇದ್ರೆ ನಮ್ಮಣ್ಣನ ಥರ ಹತ್ತನೇ ದಿನಕ್ಕೆ ಸ್ಟ್ರಿಪ್ ಎಸೀತಾರೆ. ಮತ್ತೆ ಶುರು ಮಾಡಿದಾಗ ನಾನು ಸ್ಟ್ರಿಪ್ ಹಿಂದೆ ಮಾರ್ಕರಲ್ಲಿ ತಾರೀಖು ಬರೆದೆ, ತಿಂಡಿ ಆದ್ಮೇಲೆ ಮಾತ್ರೆ ಕೊಡ್ತಿದ್ದೆ, ವಾಕರಿಕೆ ಕಮ್ಮಿ ಆಯ್ತು. ಸುಧಾರಿಸಿದ್ದು ರೋಗಿಗಿಂತ ಮೊದಲು ಮನೆಯವರಿಗೆ ಕಾಣುತ್ತೆ. ತಿಂಗಳಿಂದ ಹಾಕಿದ್ದನ್ನ ಮಾತಾಡದೆ ತಿಂತಿದ್ದವನು ಒಂದಿನ ಸಾರಿಗೆ ಉಪ್ಪು ಕಮ್ಮಿ ಅಂದ, ಅಮ್ಮ ಅಡುಗೆಮನೇಲಿ ಕಣ್ಣೊರೆಸ್ಕೊಂಡ್ರು.

ಮನಸ್ಸು ಗಟ್ಟಿ ಮಾಡ್ಕೋ ಅನ್ನೋದನ್ನ ದಯವಿಟ್ಟು ಬಿಡಿ. ಕೌನ್ಸೆಲಿಂಗಲ್ಲಿ ಹೇಳ್ಕೊಟ್ಟಿದ್ದೇನಂದ್ರೆ ಮನಸ್ಸು ಬಂದ್ಮೇಲೆ ಕೆಲಸ ಅಂತ ಕಾಯ್ಬಾರ್ದು, ಚಿಕ್ಕ ಕೆಲಸ ಮಾಡ್ತಾ ಮಾಡ್ತಾ ಮನಸ್ಸು ಬರುತ್ತೆ. ನಾವು ದಿನಾ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಕರ್ಕೊಂಡು ಹೋಗ್ತಿದ್ವಿ, ಮೊದಲ ವಾರ ಗೇಟಿಂದಾನೇ ವಾಪಸ್ ಬಂದಿದ್ದೂ ಇದೆ, ಬೈಲಿಲ್ಲ.

ಸಾಯೋ ಯೋಚನೆ ಬರ್ತಿದ್ಯಾ ಅಂತ ನೇರವಾಗೇ ಕೇಳಿ, ಕೇಳಿದ್ರೆ ಇಲ್ದಿದ್ದು ತಲೆಗೆ ಬರುತ್ತೆ ಅನ್ನೋದು ಸುಳ್ಳು. ಹೂಂ ಅಂದ್ರೆ ಒಬ್ಬರನ್ನೇ ಬಿಡ್ಬೇಡಿ, ಅವತ್ತೇ ಡಾಕ್ಟ್ರ ಹತ್ರ ಹೋಗಿ, ಬೆಳೆಗೆ ಹೊಡೆಯೋ ಔಷಧಿ ಮನೇಲಿ ಇಟ್ಕೋಬೇಡಿ. ಇಪ್ಪತ್ತೈದು ವರ್ಷದ ಒಳಗಿನವರಾದ್ರೆ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಇನ್ನೂ ಹುಷಾರಾಗಿ ನೋಡ್ಕೊಳ್ಳಿ.

ಚೆನ್ನಾಗಾಯ್ತು ಅಂತ ನಿಲ್ಲಿಸೋದಲ್ಲ, ಗುಣ ಆದ್ಮೇಲೂ ಕನಿಷ್ಠ ಆರೇಳು ತಿಂಗಳು ಮಾತ್ರೆ ಇರುತ್ತೆ, ಆಮೇಲೆ ಡಾಕ್ಟ್ರೇ ನಿಧಾನಕ್ಕೆ ಡೋಸ್ ಇಳಿಸ್ತಾರೆ. ಥಟ್ಟನೆ ಬಿಟ್ರೆ ತಲೆಸುತ್ತು, ಕರೆಂಟ್ ಹೊಡ್ದಂಗೆ ಜುಮ್ ಅನ್ನೋದು ಆಗಬಹುದು, ಅಣ್ಣ ಒಂದ್ಸಲ ಮದುವೆಗೆ ಹೋಗ್ವಾಗ ಸ್ಟ್ರಿಪ್ ಮರೆತು ಮೂರನೇ ದಿನ ಊಟದ ಪಂಕ್ತೀಲೇ ತಲೆ ಹಿಡ್ಕೊಂಡು ಕೂತಿದ್ದ, ಈಗ ಪರ್ಸಲ್ಲಿ ಯಾವಾಗ್ಲೂ ನಾಲ್ಕು ಮಾತ್ರೆ ಇರುತ್ತೆ.